26ಎಎಸ್‌ನಲ್ಲಿ ಗೆಲುವು, ಗಲ್ಲಾದಲ್ಲಿ ಸೋಲು: ಗದಗಿನ ಒಂದು ಕ್ಯಾಸಿನೊ ಪ್ರಕರಣ

ನಮ್ಮ ಕಡೆಯಿಂದ ಶುಕ್ರವಾರ ಸಂಜೆ ಗೋವಾಕ್ಕೆ ಹೊರಡುವ ಎಲ್ಲರೂ ಸಮುದ್ರ ನೋಡಲು ಹೋಗುವುದಿಲ್ಲ. ಕ್ಯಾಸಿನೊಗೆ ಅಂತಲೇ ಹೋಗುವವರು ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಸಾಕಷ್ಟು ಜನ ಇದ್ದಾರೆ. ಅವರ ಲೆಕ್ಕ ತೆರಿಗೆ ಕೆಲಸ ಮಾಡುವ ನಮ್ಮಂಥವರ ಮೇಜಿಗೆ ಬರುವುದು ತಡವಾಗಿ, ರಿಟರ್ನ್ ತುಂಬುವ ಹೊತ್ತಿಗೆ. ಅದೂ ಗೆದ್ದ ಲೆಕ್ಕ ಮಾತ್ರ. ಸೋತದ್ದಕ್ಕೆ ಯಾರೂ ರಸೀದಿ ಕೊಡುವುದಿಲ್ಲ.

ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಪ್ರಕರಣ. ಗದಗಿನಲ್ಲಿ ಪಂಪ್‌ಸೆಟ್, ಪಿವಿಸಿ ಪೈಪ್, ಸ್ಟಾರ್ಟರ್ ಮಾರುವ ಅಂಗಡಿಯ ಮಾಲೀಕರದ್ದು. ವಯಸ್ಸು ನಲವತ್ತರ ಆಸುಪಾಸು. ಅವರೂ ಅವರ ಹೆಂಡತಿಯೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ಕ್ಯಾಸಿನೊದ ಹೆಸರೂ ಬೇಡ. ಆಟದ ಲೆಕ್ಕ ಎಲ್ಲ ಕಡೆ ಒಂದೇ.

ಕಾಗದ ಹೇಳಿದ್ದು

2025ರ ಆಗಸ್ಟ್. ರಿಟರ್ನ್ ಸಲ್ಲಿಸುವ ದಿನವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು. ಪ್ರತಿ ವರ್ಷ ಇವರದ್ದು ಸುಲಭದ ಕೆಲಸ. 44ಎಡಿ ಅಡಿಯಲ್ಲಿ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವುದು, ಐಟಿಆರ್-4 ಅಂದರೆ ಸುಗಮ್ ಫಾರ್ಮ್ ತುಂಬುವುದು. ಈ ಸಲ 26ಎಎಸ್, ಅಂದರೆ ಅವರ ಹೆಸರಿನಲ್ಲಿ ಹಿಡಿದ ತೆರಿಗೆಯ ಸರ್ಕಾರಿ ಪಟ್ಟಿ, ತೆಗೆದಾಗ ಒಂದು ಹೊಸ ಸಾಲು ಕಂಡಿತು. ಕಲಂ 194ಬಿ. ಮೊತ್ತ 90,000 ರೂಪಾಯಿ. ಕಡಿತವಾದ ತೆರಿಗೆ 27,000.

194ಬಿ ಅಂದರೆ ಲಾಟರಿ, ಇಸ್ಪೀಟು, ಜೂಜಿನಲ್ಲಿ ಗೆದ್ದ ಹಣ. 10,000 ರೂಪಾಯಿ ದಾಟಿದರೆ ಕೊಡುವವರೇ 30% ತೆರಿಗೆ (ಟಿಡಿಎಸ್) ಹಿಡಿಯಬೇಕು. ಫೋನ್ ಮಾಡಿ ಕೇಳಿದೆ. ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿಗೆ ಬಂದರು. ಅಂಗಡಿಯ ಲೆಕ್ಕ ಬರೆಯುವ ಟ್ಯಾಲಿ ನೋಡಿಕೊಳ್ಳುವುದು ಹೆಂಡತಿ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದುಕೊಂಡೇ ಬಂದಿದ್ದರು.

"ಇದರಾಗ ಇವ್ರು ತೊಂಬತ್ತ ಸಾವಿರ ಗೆದ್ದಾರಂತ ಐತ್ರಿ ಸರ್. ರೊಕ್ಕ ಎಲ್ಲಿ ಹೋತು ಅಂತ ನೀವ ಕೇಳ್ರಿ" ಅಂದರು.

ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೆದ್ದದ್ದು ಖರೆ ರೀ. ಆದ್ರ ಸೋತದ್ದು ಅದರ ಡಬಲ್ ಐತಿ. ಅದನ್ನ ಕಳದು ಲೆಕ್ಕಾ ಹಾಕ್ರಲಾ" ಅಂದರು.

ಈ ಪ್ರಕರಣ ನಿಂತಿರುವುದು ಆ ಮಾತಿನ ಮೇಲೆ. ಉತ್ತರ ಕೊಡುವ ಮೊದಲು ಆ ಎರಡು ರಾತ್ರಿ ಏನಾಯಿತು ಅಂತ ಪೂರ್ತಿ ಕೇಳಿಸಿಕೊಂಡೆ. ಅವರ ನೆನಪು, ಬ್ಯಾಂಕಿನ ಎಸ್‌ಎಂಎಸ್‌ಗಳು, ಜೊತೆಗಿದ್ದ ಗೆಳೆಯರ ಮಾತು, ಮೂರನ್ನೂ ಸೇರಿಸಿ ಲೆಕ್ಕ ಕಟ್ಟಿದೆವು.

ಮಾಂಡೋವಿ ನದಿಯ ಮೇಲೆ

2025ರ ಜನವರಿ, ಸಂಕ್ರಾಂತಿ ಮುಗಿದಿತ್ತು. ಬೇಸಿಗೆಯ ಮೋಟಾರ್ ವ್ಯಾಪಾರ ಶುರುವಾಗುವ ಮುಂಚಿನ ಬಿಡುವು. ನಾಲ್ಕು ಜನ ಗೆಳೆಯರು ಒಂದೇ ಕಾರಿನಲ್ಲಿ ಗದಗದಿಂದ ಹುಬ್ಬಳ್ಳಿ, ಧಾರವಾಡ, ಅಳ್ನಾವರ, ರಾಮನಗರ ದಾಟಿ ಅನಮೋಡ ಘಾಟ್ ಇಳಿದು ಪಣಜಿ ಸೇರಿದರು. ಇವರ ಜೇಬಿನಲ್ಲಿ 50,000 ನಗದು. ಅಷ್ಟೇ ಆಡುವುದು ಅಂತ ಮನೆಯಿಂದಲೇ ತೀರ್ಮಾನ ಮಾಡಿಕೊಂಡು ಹೊರಟಿದ್ದರು.

ಕರ್ನಾಟಕದಲ್ಲಿ ಜೂಜಿನ ಅಡ್ಡೆ ನಡೆಸುವುದು 1963ರ ಪೊಲೀಸ್ ಕಾಯ್ದೆ ಪ್ರಕಾರ ಅಪರಾಧ. ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷೀನಿಗೆ (ದುಡ್ಡು ಹಾಕಿ ಬಟನ್ ಒತ್ತಿ ಆಡುವ ಯಂತ್ರ) ಒಪ್ಪಿಗೆ ಕೊಟ್ಟರು. 1996ರಲ್ಲಿ ಇನ್ನೊಂದು ತಿದ್ದುಪಡಿಯಿಂದ ಹಡಗಿನ ಮೇಲೆ ಮೇಜಿನ ಆಟಗಳಿಗೂ ಅವಕಾಶವಾಯಿತು. ಇಸ್ಪೀಟು, ಚಕ್ರ ತಿರುಗಿಸಿ ಚೆಂಡು ಯಾವ ಮನೆಗೆ ಬೀಳುತ್ತದೆ ಅಂತ ದುಡ್ಡು ಕಟ್ಟುವ ರೂಲೆಟ್, ಎಲ್ಲ ಹಡಗಿನಲ್ಲಿ ನಡೆಯುವುದಕ್ಕೆ ಇದೇ ಕಾರಣ. 21 ವರ್ಷ ತುಂಬದವರಿಗೆ ಆಟದ ಜಾಗಕ್ಕೆ ಪ್ರವೇಶ ಇಲ್ಲ. ಇನ್ನೊಂದು ವಿಷಯ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 2020ರ ಫೆಬ್ರುವರಿಯಿಂದ ಗೋವಾದವರಿಗೇ ಅಲ್ಲಿ ಪ್ರವೇಶ ನಿಷೇಧ. ತನ್ನ ಜನ ಆಡಬಾರದು ಅಂತ ಒಂದು ಸರ್ಕಾರ ಬಾಗಿಲು ಮುಚ್ಚಿದ ಆಟಕ್ಕೆ ನಾವು ಘಾಟ್ ಇಳಿದು ಹೋಗುತ್ತೇವೆ. ಇದನ್ನು ಒಂದು ನಿಮಿಷ ಕೂತು ಯೋಚಿಸಬೇಕು ಅನ್ನಿಸುತ್ತದೆ ನನಗೆ.

ಪಣಜಿಯ ಮಾಂಡೋವಿ ನದಿಯ ದಡದ ಮೇಲೆ ಕೌಂಟರ್. ಗುರುತಿನ ಚೀಟಿ ತೋರಿಸಿ ಪ್ಯಾಕೇಜ್ ಕೊಳ್ಳಬೇಕು. ಗಂಡಸರು ಚಡ್ಡಿ, ಚಪ್ಪಲಿ ಹಾಕಿದ್ದರೆ ಒಳಗೆ ಬಿಡಲಿಲ್ಲ. ಕೈಗೆ ಪಟ್ಟಿ ಕಟ್ಟಿ ಚಿಕ್ಕ ದೋಣಿಯಲ್ಲಿ ಹಡಗಿಗೆ ಕರೆದುಕೊಂಡು ಹೋದರು. ತಲೆಗೆ 3,000 ರೂಪಾಯಿ. ಅದರಲ್ಲಿ ಊಟ, ಕುಡಿತ ಎಷ್ಟು ಬೇಕಾದರೂ. ಹಾಡು, ಕುಣಿತದ ಕಾರ್ಯಕ್ರಮ. ಮಕ್ಕಳನ್ನು ಕರೆತಂದವರಿಗೆ ಮಕ್ಕಳ ಕೋಣೆ. ಜೊತೆಗೆ 1,500 ರೂಪಾಯಿಯ ಒಟಿಪಿ ಚಿಪ್. ಚಿಪ್ ಅಂದರೆ ದುಡ್ಡಿನ ಬದಲು ಇಟ್ಟು ಆಡುವ ಬಿಲ್ಲೆ.

"ಮೂರು ಸಾವಿರದಾಗ ಹದಿನೈದು ನೂರು ವಾಪಸ್ ಬಂತಲ್ರಿ" ಅಂದರು ಇವರು. ಹಾಗಲ್ಲ. ಒಟಿಪಿ ಅಂದರೆ ಒಂದೇ ಸಲ ಆಡಲು ಕೊಡುವ ಚಿಪ್. ಅದನ್ನು ಕೊಟ್ಟು ನಗದು ಪಡೆಯುವಂತಿಲ್ಲ. ಆ ಹಡಗಿನಲ್ಲಿ ಅದನ್ನು ಇಟ್ಟು ಗೆದ್ದರೆ ಗೆದ್ದ ಮೊತ್ತ ನಿಜವಾದ ಚಿಪ್‌ನಲ್ಲಿ ಬರುತ್ತಿತ್ತು, ಒಟಿಪಿ ಚಿಪ್ ಮಾತ್ರ ಅವರೇ ತೆಗೆದುಕೊಳ್ಳುತ್ತಿದ್ದರು. ರೂಲೆಟ್‌ನ ಕೆಂಪು-ಕಪ್ಪಿನಂಥ ಆಟದಲ್ಲಿ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ತುಸು ಕಡಿಮೆ. ಹಾಗಾಗಿ 1,500ರ ಒಟಿಪಿಯ ನಿಜವಾದ ಬೆಲೆ ಸುಮಾರು 700 ರೂಪಾಯಿ. ಅದರ ದೊಡ್ಡ ಕೆಲಸ ಬೇರೆ. ಸುಮ್ನೆ ನೋಡಿಕೊಂಡು ಬರೋಣ ಅಂತ ಬಂದವರನ್ನು ಅದು ಮೇಜಿನ ಮುಂದೆ ಕೂರಿಸುತ್ತದೆ.

ಶುಕ್ರವಾರ ರಾತ್ರಿ ಇವರು ಕೂತದ್ದು ಅಂದರ್-ಬಾಹರ್ ಮೇಜಿನಲ್ಲಿ. ನಮ್ಮ ಜಾತ್ರೆಗಳಲ್ಲಿ, ದೀಪಾವಳಿ ರಾತ್ರಿಗಳಲ್ಲಿ ನೋಡಿ ಬೆಳೆದ ಆಟ. ಮಧ್ಯದಲ್ಲಿ ಒಂದು ಎಲೆ ತೆರೆದಿಡುತ್ತಾರೆ. ಆಮೇಲೆ ಒಂದು ಅಂದರ್‌ಗೆ, ಒಂದು ಬಾಹರ್‌ಗೆ ಎಲೆ ಬೀಳುತ್ತಾ ಹೋಗುತ್ತದೆ. ಅದೇ ನಂಬರಿನ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಯವರು ಗೆದ್ದರು. ನೋಡಲು ಫಿಫ್ಟಿ-ಫಿಫ್ಟಿ. ಆದರೆ ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಾಧ್ಯತೆ ಸುಮಾರು 51.5%. ಅದು ಕ್ಯಾಸಿನೊಗೆ ಚೆನ್ನಾಗಿ ಗೊತ್ತು. ಅದಕ್ಕೇ ಆ ಕಡೆ ಗೆದ್ದವರಿಗೆ 100ಕ್ಕೆ 90 ಮಾತ್ರ ಕೊಡುತ್ತಾರೆ. ಇನ್ನೊಂದು ಕಡೆ ಗೆದ್ದರೆ 100ಕ್ಕೆ 100. ಎರಡನ್ನೂ ಲೆಕ್ಕ ಹಾಕಿದರೆ ಇಟ್ಟ ಪ್ರತಿ 100 ರೂಪಾಯಿಗೆ ಮೊದಲ ಕಡೆಯಲ್ಲಿ ಸುಮಾರು 2.15 ರೂಪಾಯಿ, ಎರಡನೇ ಕಡೆಯಲ್ಲಿ ಸುಮಾರು 3 ರೂಪಾಯಿ ಕ್ಯಾಸಿನೊದ ಪಾಲು. ಇದು ಎಪಿಎಂಸಿಯ ದಲಾಲಿ ಇದ್ದ ಹಾಗೆ. ಮಾಲು ಯಾರು ಕೊಂಡರೂ ಯಾರು ಮಾರಿದರೂ ದಲಾಲಿ ಮುರಿದುಕೊಂಡೇ ಪಟ್ಟಿ ಬರುತ್ತದೆ. ಜಾತ್ರೆಯ ಆಟದಲ್ಲಿ ಎದುರಿಗಿರುವವನೂ ನಮ್ಮ ಹಾಗೇ ಸೋಲಬಹುದು. ಇಲ್ಲಿ ಎದುರಿಗಿರುವವರಿಗೆ ಯಾವ ಕಡೆ ಗೆದ್ದರೂ ಒಂದೇ.

ಆ ರಾತ್ರಿ ಕಳೆದದ್ದು 12,000. ಪರವಾಗಿಲ್ಲ, ಮಜಾ ಬಂತು ಅಂತ ಎದ್ದು ಬಂದರು. ಅಲ್ಲಿಗೇ ಊರಿಗೆ ಹೊರಟಿದ್ದರೆ ಈ ಬರಹ ಇರುತ್ತಿರಲಿಲ್ಲ.

ಗೆಲುವು ಬಂದ ಗಳಿಗೆ

ಶನಿವಾರ ಸಂಜೆ ಮತ್ತೆ ಅದೇ ಹಡಗು. ಈ ಸಲ ಸ್ಲಾಟ್ ಮಷೀನ್. ಸುಮಾರು 8,000 ಹೋದ ಮೇಲೆ, ರಾತ್ರಿ ಒಂಬತ್ತರ ಹೊತ್ತಿಗೆ, ಪರದೆಯ ಮೇಲೆ ಚಿತ್ರಗಳು ಸಾಲಾಗಿ ನಿಂತವು. ಬೆಲ್ ಹೊಡೆಯಿತು, ದೀಪ ಮಿನುಗಿದವು. ಅಕ್ಕಪಕ್ಕದವರು ಬಂದು ಬೆನ್ನು ತಟ್ಟಿದರು. 90,000 ರೂಪಾಯಿ. ಸಿಬ್ಬಂದಿಯೊಬ್ಬರು ಬಂದು ನಗುತ್ತಾ ಪ್ಯಾನ್ ನಂಬರ್ ಬರೆದುಕೊಂಡರು. 27,000 ತೆರಿಗೆ ಮುರಿದುಕೊಂಡು 63,000 ಕೈಗೆ ಕೊಟ್ಟರು. 26ಎಎಸ್‌ಗೆ ಬಂದದ್ದು ಇದೇ ಸಾಲು.

ಸ್ಲಾಟ್ ಮಷೀನಿನ ಒಳಗೆ ಇರುವುದು ಯಾದೃಚ್ಛಿಕ ಸಂಖ್ಯೆ ಹೊರಡಿಸುವ ಒಂದು ಪ್ರೋಗ್ರಾಂ. ಪ್ರತಿ ಸಲ ಬಟನ್ ಒತ್ತಿದಾಗ ಅದು ಹೊಸದಾಗಿ ಶುರು. ಹಿಂದೆ ಎಷ್ಟು ನುಂಗಿದೆ ಅನ್ನುವ ನೆನಪು ಅದಕ್ಕಿಲ್ಲ. ಯಾವಾಗ ಕೊಡುತ್ತದೆ ಅಂತ ಗೊತ್ತಾಗದ ಹಾಗೆ, ಆದರೆ ಆಗಾಗ ಕೊಡುತ್ತಿರುವ ಹಾಗೆ ಅದನ್ನು ಮಾಡಿರುತ್ತಾರೆ. ಬಿ.ಎಫ್. ಸ್ಕಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಕಾಳು ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದಿದ್ದಾಗಲೇ ಪ್ರಾಣಿ ಬಿಡದೆ ಕುಟ್ಟುತ್ತಲೇ ಇರುತ್ತದೆ.

ಆ 63,000 ಇವರ ಕೈಗೆ ಬಂದಾಗ ಮನಸ್ಸಿನಲ್ಲಿ ಒಂದು ಬದಲಾವಣೆ ಆಯಿತು. ಅದನ್ನು ಅವರೇ ಚೆನ್ನಾಗಿ ಹೇಳಿದರು: "ಅದು ನನ್ನ ರೊಕ್ಕ ಅನ್ನಿಸಲೇ ಇಲ್ರಿ. ಅವರ ರೊಕ್ಕ, ಅವರ ಕೂಡ ಆಡೂಣು ಅನ್ನಿಸ್ತು." ಜೇಬಿನಲ್ಲಿ ಉಳಿದಿದ್ದ 30,000 ಸೇರಿ ಈಗ 93,000. ಮನೆಯಲ್ಲಿ ಹಾಕಿಕೊಂಡ ಐವತ್ತು ಸಾವಿರದ ಗೆರೆ ಇಲ್ಲಿಗೆ ಅಳಿಸಿಹೋಯಿತು. ಗೆಲುವಿನಲ್ಲಿ ಗೆರೆ ಅಳಿಸಿದ್ದಕ್ಕೇ ಸೋಲಿನಲ್ಲಿ ಅದು ಕಾಣಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ರೂಲೆಟ್ ಮೇಜು

ರಾತ್ರಿ ಸುಮಾರು ಒಂಬತ್ತೂ ಮುಕ್ಕಾಲಿಗೆ ರೂಲೆಟ್ ಮುಂದೆ ಕೂತರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದರು.

ಆ ಚಕ್ರದಲ್ಲಿ 1ರಿಂದ 36ರವರೆಗೆ ಅಂಕಿಗಳು, 18 ಕೆಂಪು, 18 ಕಪ್ಪು. ಜೊತೆಗೆ ಹಸಿರು ಬಣ್ಣದ 0 ಮತ್ತು 00. ಒಟ್ಟು 38 ಮನೆ. ಒಂದೇ ಅಂಕಿಯ ಮೇಲೆ ಇಟ್ಟು ಗೆದ್ದರೆ 35 ಪಟ್ಟು ಕೊಡುತ್ತಾರೆ. ಲೆಕ್ಕ ಸಮ ಆಗಬೇಕಿದ್ದರೆ 37 ಪಟ್ಟು ಕೊಡಬೇಕಿತ್ತು. ಕೆಂಪು-ಕಪ್ಪಿನ ಮೇಲೆ ಇಟ್ಟರೆ 38ರಲ್ಲಿ 18 ಸಲ ಗೆಲುವು, 20 ಸಲ ಸೋಲು. ಆ ಎರಡು ಹಸಿರು ಮನೆಗಳಿಂದ ಬರುವ ವ್ಯತ್ಯಾಸ 5.26%. ಒಂದೇ ಸೊನ್ನೆ ಇರುವ ಚಕ್ರದಲ್ಲಿ 37 ಮನೆ, ಅಲ್ಲಿ ಇದು 2.70%. ಅಂದರೆ ಒಂದು ಸೊನ್ನೆ ಜಾಸ್ತಿ ಇದ್ದರೆ ಕ್ಯಾಸಿನೊದ ಪಾಲು ಹತ್ತಿರ ಹತ್ತಿರ ಎರಡರಷ್ಟು. ಕೂರುವ ಮೊದಲು ಸೊನ್ನೆ ಎಷ್ಟಿವೆ ಅಂತ ನೋಡುವವರು ಬಹಳ ಕಡಿಮೆ. ಇವರೂ ನೋಡಿರಲಿಲ್ಲ.

ಇಲ್ಲಿ ಮೋಸ ಇಲ್ಲ. ಇದನ್ನು ಒತ್ತಿ ಹೇಳಬೇಕು. ಡೀಲರ್, ಅಂದರೆ ಮೇಜಿನ ಆಟ ನಡೆಸುವ ನೌಕರ, ಮೇಜು ಬಿಟ್ಟು ಹೋಗುವಾಗ ಎರಡೂ ಅಂಗೈ ಬಿಚ್ಚಿ ಮೇಲಿನ ಕ್ಯಾಮೆರಾಗೆ ತೋರಿಸುತ್ತಾನೆ, ಚಿಪ್ ಏನೂ ಒಯ್ಯುತ್ತಿಲ್ಲ ಅಂತ. ಸ್ವಲ್ಪ ಸ್ವಲ್ಪ ಹೊತ್ತಿಗೆ ಡೀಲರ್ ಬದಲಾಗುತ್ತಾರೆ. ಅವರ ಹಿಂದೆ ಮೇಲ್ವಿಚಾರಕ, ಅವರೆಲ್ಲರ ಮೇಲೆ ಕ್ಯಾಮೆರಾ ಕೋಣೆ. ಮೋಸ ಮಾಡುವ ಅಗತ್ಯವೇ ಅವರಿಗಿಲ್ಲ. ಜನ ಕೂತಿರಬೇಕು, ಆಡುತ್ತಿರಬೇಕು, ಅಷ್ಟೇ. ಅದಕ್ಕೇ ಗೋಡೆ ಗಡಿಯಾರ ಕಾಣುವುದಿಲ್ಲ. ಹೊರಗೆ ಬೆಳಕಾಯಿತೋ ಕತ್ತಲಿದೆಯೋ ಗೊತ್ತಾಗುವುದಿಲ್ಲ. ಗ್ಲಾಸ್ ಕೂತಲ್ಲಿಗೇ ಬರುತ್ತದೆ. ದುಡ್ಡಿನ ಬದಲು ಬಣ್ಣದ ಬಿಲ್ಲೆ ಕೈಯಲ್ಲಿರುತ್ತದೆ, ಐನೂರರ ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಬಿಲ್ಲೆ ತಳ್ಳುವಾಗ ಆಗುವುದಿಲ್ಲ.

ಇವರು ಯೂಟ್ಯೂಬಿನಲ್ಲಿ ಒಂದು ಉಪಾಯ ನೋಡಿದ್ದರು. ಕೆಂಪಿನ ಮೇಲೆ 500 ಇಡುವುದು. ಸೋತರೆ 1,000. ಮತ್ತೆ ಸೋತರೆ 2,000. ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ ಎಂದಾದರೂ ಒಂದು ಸಲ ಕೆಂಪು ಬರಲೇಬೇಕು, ಆಗ ಎಲ್ಲ ಸೋಲು ತುಂಬಿ 500 ಲಾಭ. ಕೇಳಲು ಸರಿಯಾಗಿದೆ ಅಲ್ವಾ? ತೊಡಕು ಇರುವುದು ಮೇಜಿನ ಮಿತಿಯಲ್ಲಿ. ಆ ಮೇಜಿನಲ್ಲಿ ಕೆಂಪು-ಕಪ್ಪಿನ ಮೇಲೆ ಹೆಚ್ಚೆಂದರೆ 25,000 ಇಡಬಹುದಿತ್ತು. 500, 1,000, 2,000, 4,000, 8,000, 16,000. ಆರು ಸಲ ಸೋತರೆ ಏಳನೆಯದು 32,000, ಅದನ್ನು ಇಡಲು ಬಿಡುವುದಿಲ್ಲ. ಆರು ಸೋಲಿನ ಮೊತ್ತ 31,500.

ಸತತ ಆರು ಸಲ ಸೋಲುವುದು ಅಪರೂಪ ಅನ್ನಿಸಬಹುದು. ಈ ಚಕ್ರದಲ್ಲಿ ಅದರ ಸಾಧ್ಯತೆ ಸುಮಾರು 2.1%. ಆದರೆ ಗಂಟೆಗೆ ನಲವತ್ತು ಸುತ್ತಿನ ಹಾಗೆ ನಾಲ್ಕು ಗಂಟೆ ಕೂತರೆ 160 ಸುತ್ತು. ಅಷ್ಟರಲ್ಲಿ ಒಂದೆರಡು ಸಲ ಹಾಗಾಗುವುದು ಸಹಜ. ಇವರಿಗೆ ನಾಲ್ಕು ಸಲ ಆಯಿತು. ನಾಲ್ಕು ಸಲದ ಸೋಲು 1,26,000. ಮಧ್ಯೆ ಐನೂರು ಐನೂರಾಗಿ ಗೆದ್ದದ್ದೆಲ್ಲ ಸೇರಿ ಸುಮಾರು 35,000. ಡೀಲರ್‌ಗಳಿಗೆ ಕೊಟ್ಟ ಟಿಪ್ 2,000. ಹೀಗೆ 93,000 ಪೂರ್ತಿ ಖಾಲಿ.

ಚಕ್ರದ ಪಕ್ಕದಲ್ಲಿ ಒಂದು ಎತ್ತರದ ಬೋರ್ಡ್ ಇತ್ತು. ಹಿಂದೆ ಬಂದ ಅಂಕಿಗಳು ಕೆಂಪು, ಕಪ್ಪು ಅಕ್ಷರದಲ್ಲಿ ಅದರ ಮೇಲೆ ಹೊಳೆಯುತ್ತಿದ್ದವು. "ಐದು ಸಲ ಕರೇದು ಬಂದೈತಿ, ಇನ್ನ ಕೆಂಪ ಬರಬೇಕು ಅನ್ನೋದು ಎಲ್ಲಾರಿಗೂ ಕಾಣತಿತ್ರಿ" ಅಂದರು. ಆ ಬೋರ್ಡನ್ನು ಕ್ಯಾಸಿನೊ ಪುಕ್ಕಟೆ ತೋರಿಸುತ್ತದೆ. ಮುಂದಿನ ಸುತ್ತಿಗೆ ಅದರಿಂದ ಕಿಂಚಿತ್ತೂ ಉಪಯೋಗ ಇಲ್ಲ ಅಂತ ಗೊತ್ತಿರುವುದಕ್ಕೇ ತೋರಿಸುತ್ತದೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. ಈ ಸಲ ಕೆಂಪು ಬಂದೇ ಬರುತ್ತದೆ ಅಂತ ಇಡುತ್ತಾ ಹೋದವರು ಲಕ್ಷಗಟ್ಟಲೆ ಫ್ರಾಂಕ್ ಕಳೆದುಕೊಂಡರು. ಚೆಂಡಿಗೆ ನೆನಪಿಲ್ಲ.

1:40, 2:55

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎರಡು ಎಸ್‌ಎಂಎಸ್. ಅಂಗಡಿಯ ಕರೆಂಟ್ ಅಕೌಂಟಿನ ಡೆಬಿಟ್ ಕಾರ್ಡ್. ರಾತ್ರಿ 1:40ಕ್ಕೆ 50,000. ರಾತ್ರಿ 2:55ಕ್ಕೆ 1,00,000. ಗದಗಿನಲ್ಲಿ ಮನೆಯವರೆಲ್ಲ ಮಲಗಿದ್ದ ಹೊತ್ತು. ಆ ಹಣ ಪಂಪ್ ಕಂಪನಿಗೆ ಸೋಮವಾರ ಕಳಿಸಬೇಕಾಗಿದ್ದದ್ದು.

ಆಗ ಇವರು ಸುತ್ತಿಗೆ 500ರಿಂದ ಆಡುತ್ತಿರಲಿಲ್ಲ. ಸರಾಸರಿ 10,000 ಇಡುತ್ತಿದ್ದರು. "ಕಳಕೊಂಡಲ್ಲೇ ಹುಡುಕಬೇಕಲ್ರಿ" ಅಂದರು. ಈ ಗಾದೆ ದಾರಿಯಲ್ಲಿ ಬಿದ್ದ ಕಿವಿಯೋಲೆಗೆ ಸರಿ. ಕಿವಿಯೋಲೆ ಬಿದ್ದಲ್ಲೇ ಇರುತ್ತದೆ. ಮೇಜಿನ ಮೇಲೆ ಸೋತ ದುಡ್ಡು ಅಲ್ಲಿರುವುದಿಲ್ಲ, ಮುಂದಿನ ಸುತ್ತಿಗೆ ಇರುವುದು ಹೊಸ ದುಡ್ಡಿನ ಹೊಸ ಆಟ.

ಒಟ್ಟು ಲೆಕ್ಕ ಹೀಗಾಗುತ್ತದೆ. ಮೊದಲ ನಾಲ್ಕು ಗಂಟೆ, 160 ಸುತ್ತು, ಸರಾಸರಿ 2,000 ಅಂತ ಹಿಡಿದರೆ ಮೇಜಿನ ಮೇಲೆ ತಿರುಗಿದ್ದು 3,20,000. ಕೊನೆಯ ಎರಡು ಗಂಟೆಯಲ್ಲಿ 80 ಸುತ್ತು, 10,000ದ ಹಾಗೆ 8,00,000. ಜೇಬಿನಿಂದ ಎರಡೂವರೆ ಲಕ್ಷವೂ ಹೊರಬಂದಿಲ್ಲ, ಆದರೆ ಆಡಿದ್ದು 11,20,000ದ ಆಟ. ಗೆದ್ದದ್ದನ್ನು ಮತ್ತೆ ಇಟ್ಟು, ಮತ್ತೆ ಇಟ್ಟು ಅಷ್ಟಾಯಿತು. ಕ್ಯಾಸಿನೊ 5.26% ಹಿಡಿಯುವುದು ಆ ಹನ್ನೊಂದು ಲಕ್ಷದ ಮೇಲೆ, ನಾವು ತಂದ ಹಣದ ಮೇಲೆ ಅಲ್ಲ. ಅದು ಸುಮಾರು 59,000 ರೂಪಾಯಿ.

ಇವರು ಈ ಮೇಜಿನಲ್ಲಿ ಕಳೆದದ್ದು, ಟಿಪ್ ಸೇರಿ, 2,31,000. ಹತ್ತಿರ ಹತ್ತಿರ ನಾಲ್ಕು ಪಟ್ಟು. ಉಳಿದದ್ದು ದುರದೃಷ್ಟವೇ. ಆದರೆ ಅದೃಷ್ಟ ಎರಡೂ ಕಡೆ ತೂಗಬಹುದಿತ್ತು ಅಂತ ಸಮಾಧಾನ ಮಾಡಿಕೊಳ್ಳುವಂತಿಲ್ಲ. ಇಡುವ ಮೊತ್ತ ದೊಡ್ಡದಾದಷ್ಟೂ ಏರಿಳಿತ ದೊಡ್ಡದು. ಇಳಿತ ಮೊದಲು ಬಂದರೆ ನಮ್ಮ ಚೀಲ ಖಾಲಿಯಾಗಿ ನಾವು ಏಳಲೇಬೇಕು, ಏರಿಕೆಗೆ ಕಾಯಲು ಆಗುವುದಿಲ್ಲ. ಕ್ಯಾಸಿನೊ ಎಂದೂ ಏಳಬೇಕಿಲ್ಲ. ಅದರ ಎದುರು ನೂರಾರು ಜನ ಕೂತಿರುತ್ತಾರೆ, ಒಬ್ಬ ಗೆದ್ದದ್ದನ್ನು ಇನ್ನೊಬ್ಬರು ತುಂಬಿರುತ್ತಾರೆ.

ಭಾನುವಾರ ಊರಿಗೆ ಮರಳುವಾಗ ಕೈಯಲ್ಲಿ 12,000. ತಂದ 50,000, ಕಾರ್ಡಿನ 1,50,000, ಅದರಲ್ಲಿ ಈ 12,000 ಕಳೆದರೆ ನಿಜವಾದ ನಷ್ಟ 1,88,000. ಪ್ಯಾಕೇಜ್, ಹೋಟೆಲ್, ಡೀಸೆಲ್ ಬೇರೆ.

ಜೊತೆಗಿದ್ದ ಮೂವರ ವಿಷಯವೂ ಹೇಳಬೇಕು. ಒಬ್ಬರು ಕಾರ್ಡ್, ಪರ್ಸ್ ಎಲ್ಲ ಹೋಟೆಲಿನಲ್ಲೇ ಬಿಟ್ಟು 5,000 ಮಾತ್ರ ಒಯ್ದಿದ್ದರು. ಅದು ಹೋದ ಮೇಲೆ ಊಟ ಮಾಡಿ, ಹಾಡು ಕೇಳಿ, ಡೆಕ್ ಮೇಲೆ ಗಾಳಿಗೆ ಕೂತರು. ಅವರಿಗೆ ಅದೊಂದು ದುಬಾರಿ ಸಂಜೆ, ಅಷ್ಟೇ. ಇನ್ನೊಬ್ಬರು ಎಂಟು ಸಾವಿರ ಸೋತು ಮಲಗಲು ಹೋದರು. ಮೂರನೆಯವರು 22,000 ಗೆದ್ದು ಬಂದರು. ಈಗ ಗದಗಿನ ಸ್ಟೇಷನ್ ರೋಡಿನ ಅಂಗಡಿಗಳಲ್ಲಿ ಆ ಪ್ರವಾಸದ ಕಥೆ ಅಂದರೆ ಈ 22,000ದ ಕಥೆ. 1,88,000 ಸೋತವರು ಬಾಯಿ ಬಿಡಲಿಲ್ಲ. ಹೊಸಬರು ಕ್ಯಾಸಿನೊ ಬಗ್ಗೆ ಕೇಳುವ ಕಥೆಗಳು ಹೀಗೇ ಆಯ್ಕೆಯಾಗಿ ಬಂದಿರುತ್ತವೆ.

ತೆರಿಗೆಯ ಉತ್ತರ

ಸೋಲನ್ನು ಕಳೆಯಿರಿ ಅಂತ ಅವರು ಕೇಳಿದ್ದಕ್ಕೆ ಉತ್ತರ: ಆಗುವುದಿಲ್ಲ. ಆ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 115ಬಿಬಿ ಪ್ರಕಾರ ಇಂಥ ಗೆಲುವಿಗೆ ನೇರ 30% ತೆರಿಗೆ. ಕಲಂ 58(4) ಪ್ರಕಾರ ಅದರ ಎದುರು ಯಾವ ಖರ್ಚನ್ನೂ ತೋರಿಸುವಂತಿಲ್ಲ. ಸ್ಲಾಟಿಗೆ ಮೊದಲು ಹಾಕಿದ 8,000 ಕೂಡ ಕಳೆಯಲು ಬರುವುದಿಲ್ಲ. 80ಸಿ ರಿಯಾಯಿತಿ, ಮೂಲ ವಿನಾಯಿತಿ ಮಿತಿ, ಏನೂ ಈ ಮೊತ್ತಕ್ಕೆ ಸಿಗುವುದಿಲ್ಲ. ಆ 30% ತೆರಿಗೆಯ 4%ದಷ್ಟು ಸೆಸ್ ಸೇರಿ 31.2%. 90,000ಕ್ಕೆ 28,080 ಆಯಿತು. 27,000 ಆಗಲೇ ಹಿಡಿದಿದ್ದರು, ಉಳಿದ 1,080 ರೂಪಾಯಿ ಕಟ್ಟಿಸಿದೆ. ಸುಗಮ್ ಫಾರ್ಮಿನಲ್ಲಿ ಇಂಥ ಆದಾಯ ತೋರಿಸಲು ಬರುವುದಿಲ್ಲ, ಹಾಗಾಗಿ ಐಟಿಆರ್-3ಕ್ಕೆ ಹೋಗಬೇಕಾಯಿತು.

ಲಕ್ಷ ಎಂಬತ್ತೆಂಟು ಸಾವಿರ ಕಳೆದುಕೊಂಡ ಮನುಷ್ಯ ಸರ್ಕಾರದ ದಾಖಲೆಯಲ್ಲಿ ತೊಂಬತ್ತು ಸಾವಿರ ಗೆದ್ದವನು. ಆ 1,080ರ ಚಲನ್ ಪ್ರಿಂಟ್ ಕೈಗೆ ಕೊಟ್ಟಾಗ ಹೆಂಡತಿಯ ಕಣ್ಣಲ್ಲಿ ನೀರು ಬಂತು.

ಕಾರ್ಡಿನ 1,50,000ವನ್ನು "ಪ್ರವಾಸ ಖರ್ಚು" ಅಂತ ಬರೆಯಬಹುದಾ ಅಂತ ಅವರು ಕೇಳಿದರು. ಬರೆಯಬಾರದು. ಅದು ಅಂಗಡಿಯ ಖರ್ಚಲ್ಲ, ಮಾಲೀಕರು ಸ್ವಂತಕ್ಕೆ ತೆಗೆದ ಹಣ. ಟ್ಯಾಲಿಯಲ್ಲಿ ಡ್ರಾಯಿಂಗ್ಸ್ ಅಂತ ಹಾಕಿಸಿದೆ.

ಇದರ ಜೊತೆಗೆ ಜಿಎಸ್‌ಟಿ ಇದೆ. 2023ರ ಅಕ್ಟೋಬರ್ 1ರಿಂದ ಚಿಪ್ ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ 28% ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40%. ಚಿಪ್ ವಾಪಸ್ ಕೊಟ್ಟು ದುಡ್ಡು ತೆಗೆದುಕೊಂಡರೂ ಆ ತೆರಿಗೆಯಲ್ಲಿ ಕಡಿತ ಇಲ್ಲ. ಅದನ್ನು ಗಿರಾಕಿಯಿಂದ ಎಷ್ಟು ವಸೂಲಿ ಮಾಡಬೇಕು ಅನ್ನುವುದು ಆಯಾ ಕ್ಯಾಸಿನೊಗೆ ಬಿಟ್ಟದ್ದು. ಹೋಗುವವರು 1,000 ಕೊಟ್ಟರೆ ಕೈಗೆ ಎಷ್ಟರ ಚಿಪ್ ಬರುತ್ತದೆ ಅಂತ ಮೊದಲು ಕೌಂಟರಿನಲ್ಲೇ ಕೇಳಿ. ರೂಲೆಟ್ಟಿನ ಎರಡು ಸೊನ್ನೆಗಿಂತ ಇದು ದೊಡ್ಡ ಪೆಟ್ಟು ಆಗಬಹುದು.

ಆಮೇಲೆ

ಫೆಬ್ರುವರಿಯಿಂದಲೇ ಇವರ ಫೋನಿಗೆ ಕ್ಯಾಸಿನೊದಿಂದ ಮೆಸೇಜ್ ಬರುತ್ತಿದ್ದವು. ವಾರಾಂತ್ಯಕ್ಕೆ ಪುಕ್ಕಟೆ ರೂಮ್, ಪುಕ್ಕಟೆ ಊಟ, ಗದಗಿಗೇ ಕಾರು ಕಳಿಸುತ್ತೇವೆ. ಇವರಿಗೆ ಅದು ಗೌರವ ಅನ್ನಿಸಿತ್ತು. ಅದರ ಹಿಂದಿನ ಲೆಕ್ಕ ಬಿಡಿಸಿ ಹೇಳಿದೆ. ಮೆಂಬರ್ ಕಾರ್ಡಿನಲ್ಲಿ ಒಬ್ಬ ಗಿರಾಕಿ ಸರಾಸರಿ ಎಷ್ಟು ಇಡುತ್ತಾನೆ, ಎಷ್ಟು ಹೊತ್ತು ಕೂರುತ್ತಾನೆ ಅನ್ನುವುದು ದಾಖಲಾಗುತ್ತದೆ. ಅದಕ್ಕೆ ಕ್ಯಾಸಿನೊದ ಶೇಕಡಾವಾರು ಗುಣಿಸಿದರೆ ಆ ಗಿರಾಕಿಯಿಂದ ಬರಬಹುದಾದ ಅಂದಾಜು ಆದಾಯ ಸಿಗುತ್ತದೆ. ಪುಕ್ಕಟೆ ರೂಮು ಅದರ ಒಂದು ಸಣ್ಣ ಪಾಲು. ಸುತ್ತಿಗೆ 10,000 ಇಟ್ಟು ಎರಡು ಗಂಟೆ ಕೂತವರಿಗೆ ಕಾರು ಕಳಿಸುವುದು ಅವರಿಗೆ ಗಿಟ್ಟುತ್ತದೆ. 5,000 ಒಯ್ದು ಹಾಡು ಕೇಳಿದ ಗೆಳೆಯರಿಗೆ ಅಂಥ ಮೆಸೇಜ್ ಒಂದೂ ಬಂದಿಲ್ಲ.

ಮಾತಿನ ಮಧ್ಯೆ ಇನ್ನೊಂದು ಸಂಗತಿ ಹೊರಬಂತು. ಗೋವಾದಿಂದ ಬಂದ ಮೇಲೆ ಕಳೆದದ್ದನ್ನು ತುಂಬಿಕೊಳ್ಳಲು ಫೋನಿನಲ್ಲಿ ರಮ್ಮಿ ಶುರು ಮಾಡಿದ್ದರು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ರಾತ್ರಿ ಹಾಸಿಗೆಯಲ್ಲಿ. ಅದೇ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು, ಆ ಆ್ಯಪ್ ಮುಚ್ಚಿತು. ಆಗ ಇವರ ಮನಸ್ಸು ಮತ್ತೆ ಪಣಜಿ ಕಡೆ ಹೊರಳಿತ್ತು. ದಸರೆಗೆ ಹೋಗುವ ಮಾತು ನಡೆದಿತ್ತು ಅಂತ ಹೆಂಡತಿ ಹೇಳಿದರು.

ನಾನು ಡಾಕ್ಟರ್ ಅಲ್ಲ. ಆದರೆ ಸೋತದ್ದನ್ನು ಮರಳಿ ಗೆಲ್ಲಲು ಮತ್ತೆ ಆಡುವುದು, ಮನೆಯವರಿಂದ ಮುಚ್ಚಿಡುವುದು, ವ್ಯಾಪಾರದ ಹಣ ಮುಟ್ಟುವುದು, ಈ ಮೂರೂ ಜೂಜಿನ ಚಟದ ಲಕ್ಷಣಗಳು ಅಂತ ಗೊತ್ತು. ವೈದ್ಯಲೋಕ ಇದನ್ನು ಕುಡಿತದ ಸಾಲಿನಲ್ಲೇ ಚಟದ ಕಾಯಿಲೆ ಅಂತ ಪರಿಗಣಿಸಿದೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಅಂದೆ. ಅಲ್ಲಿಗೆ ಹೋಗಲು ಸಂಕೋಚ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ ಅಂದೆ. ಮೊದಲು ಮುಖ ಗಂಟು ಹಾಕಿಕೊಂಡರು. "ಹುಚ್ಚರ ದವಾಖಾನಿಗೆ ಯಾಕ್ರಿ" ಅಂದರು. ಹೆಂಡತಿಯೇ ಮುಂದೆ ನಿಂತು ಫೋನ್ ಮಾಡಿಸಿದರು. ಎರಡನೇ ಸಲ ಅವರೇ ಮಾಡಿದರು. ಆಮೇಲೆ ಧಾರವಾಡಕ್ಕೂ ಹೋದರು.

ಹಣದ ಕಡೆ ಮಾಡಿದ್ದು ಹೆಚ್ಚೇನಿಲ್ಲ. ಕರೆಂಟ್ ಅಕೌಂಟಿನ ಡೆಬಿಟ್ ಕಾರ್ಡ್ ಬ್ಯಾಂಕಿಗೆ ವಾಪಸ್ ಕೊಟ್ಟು, ಚೆಕ್ಕಿಗೆ ಇಬ್ಬರ ಸಹಿ ಬೇಕು ಅಂತ ಮಾಡಿದರು. ಯುಪಿಐ ದಿನದ ಮಿತಿ ಇಳಿಸಿದರು. ಪಂಪ್ ಕಂಪನಿಯ ಏರಿಯಾ ಮ್ಯಾನೇಜರಿಗೆ ನಿಜ ಹೇಳಿ ಕಂತು ಕೇಳಿದರು. ಕೊಡಲಿಕ್ಕಿಲ್ಲ ಅಂದುಕೊಂಡಿದ್ದರು, ಕೊಟ್ಟರು. ಕ್ಯಾಸಿನೊಗೆ ಮೇಲ್ ಬರೆದು ತಮ್ಮ ಮೆಂಬರ್‌ಶಿಪ್ ರದ್ದು ಮಾಡಿ, ಮೆಸೇಜ್ ಕಳಿಸಬೇಡಿ, ಮುಂದೆ ಬಂದರೆ ಒಳಗೆ ಬಿಡಬೇಡಿ ಅಂತ ಕೇಳಿಕೊಂಡರು. ಆ ಮೇಲ್‌ನ ಕರಡು ನನ್ನ ಆಫೀಸಿನಲ್ಲೇ ಆಯಿತು, ಕೊನೆಯ ಸಾಲನ್ನು ಅವರೇ ಸೇರಿಸಿದ್ದು.

ಮೆಸೇಜ್ ನಿಂತಿವೆ. ಪಂಪ್ ಕಂಪನಿಯ ಬಾಕಿಯಲ್ಲಿ ಇನ್ನೂ 40,000 ಉಳಿದಿದೆ, ಬೇಸಿಗೆಯ ವ್ಯಾಪಾರದಲ್ಲಿ ತೀರಿಸುವುದಾಗಿ ಹೇಳಿದ್ದಾರೆ.